ಓದುಗರ ಪ್ರಶ್ನೆ: ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕಬಹುದಾ?

ಪ್ರಶ್ನೆ: ಮನೆ ಕೆಲಸಕ್ಕೆ ಅಂತ 4 ಇಂಚಿನ ಆ್ಯಂಗಲ್ ಗ್ರೈಂಡರ್ ತಗೊಂಡಿದ್ದೇನೆ. ಕಬ್ಬಿಣ ಚೆನ್ನಾಗಿ ಕೊಯ್ಯುತ್ತದೆ. ಈಗ ಕೊಟ್ಟಿಗೆಗೆ ಒಂದಷ್ಟು ರೀಪರ್, ಅಡಿಕೆ ದಬ್ಬೆ ಕತ್ತರಿಸಬೇಕು. ಅಂಗಡಿಯವರು ಹಲ್ಲಿನ ಬ್ಲೇಡ್ ಕೊಟ್ಟು "ಗಾರ್ಡ್ ಬಿಚ್ಚಿ ಹಾಕಿ ಸಾರ್, ಎಲ್ರೂ ಹಾಗೇ ಮಾಡೋದು" ಅಂದರು. ಹಾಕಬಹುದಾ?
(ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಬೇಡ. ಆ ಬ್ಲೇಡ್ ವಾಪಸ್ ಕೊಟ್ಟುಬಿಡಿ.

ಗಾರ್ಡ್, ಅಂದರೆ ಡಿಸ್ಕನ್ನು ಅರ್ಧ ಮುಚ್ಚುವ ತಗಡಿನ ಕವಚ, ಅದನ್ನು ಬಿಚ್ಚಿ ಅಂದಿದ್ದು ಯಾಕೆ ಗೊತ್ತಾ? ನಿಮ್ಮ ಯಂತ್ರ 100 ಮಿ.ಮೀ. ಡಿಸ್ಕ್‌ಗೆ ಮಾಡಿದ್ದು. 4 ಇಂಚು ಅಂತ ಮಾರುವ ಮರದ ಬ್ಲೇಡ್ ಸಾಮಾನ್ಯವಾಗಿ 110 ಮಿ.ಮೀ. ಇರುತ್ತದೆ, ನಡುವಿನ ತೂತೂ 16ರ ಬದಲು 20 ಮಿ.ಮೀ. ಇರುತ್ತದೆ. ಮೂಗಿಗಿಂತ ಮೂಗುತಿ ಭಾರ. ತೂತಿಗೆ ಒಂದು ರಿಂಗ್ ಕೂರಿಸಿ, ಬ್ಲೇಡ್ ತಾಗುತ್ತದೆ ಅಂತ ಗಾರ್ಡನ್ನೇ ಕಿತ್ತುಹಾಕುತ್ತಾರೆ. ಅಂದರೆ ನಿಮ್ಮ ಕೈಗೂ ಬ್ಲೇಡಿಗೂ ನಡುವೆ ಇದ್ದ ಒಂದೇ ಅಡ್ಡ ಹೋಯಿತು.

ಗಾರ್ಡ್ ಇಟ್ಟುಕೊಂಡೇ ಹಾಕಬಹುದಾದ ಸಣ್ಣ ಬ್ಲೇಡ್ ಸಿಕ್ಕರೂ ನಾನು ಬೇಡ ಅಂತಲೇ ಹೇಳುತ್ತೇನೆ. ಈ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಂದರೆ ಡಿಸ್ಕಿನ ಅಂಚು ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಕಬ್ಬಿಣ ಕೊಯ್ಯುವ ಡಿಸ್ಕ್ ಉಜ್ಜಿ ಉಜ್ಜಿ ಕೊಯ್ಯುತ್ತದೆ, ಆದರೆ ಹಲ್ಲಿನ ಬ್ಲೇಡ್ ಮರವನ್ನು ಕಚ್ಚುತ್ತದೆ. ರೀಪರಿನಲ್ಲಿ ಒಂದು ಗಂಟೋ ಹಳೇ ಮೊಳೆಯೋ ಸಿಕ್ಕಿತು ಅನ್ನಿ, ಇಲ್ಲಾ ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಕೊಂಡಿತು ಅನ್ನಿ, ಇಡೀ ಯಂತ್ರ ಎಗರಿ ನಿಮ್ಮ ಕಡೆಗೇ ಬರುತ್ತದೆ, ತಪ್ಪಿಸಿಕೊಳ್ಳೋಣ ಅಂತ ಯೋಚಿಸುವಷ್ಟೂ ಹೊತ್ತಿರುವುದಿಲ್ಲ. ಇನ್ನೊಂದು ಸಂಗತಿ: ಬಹಳಷ್ಟು ಸಣ್ಣ ಗ್ರೈಂಡರ್‌ಗಳ ಸ್ವಿಚ್ ಮುಂದಕ್ಕೆ ತಳ್ಳಿದರೆ ಅಲ್ಲೇ ಲಾಕ್ ಆಗುತ್ತದೆ. ಕೈ ಜಾರಿ ಬಿದ್ದರೂ ಯಂತ್ರ ನಿಲ್ಲುವುದಿಲ್ಲ, ನೆಲದ ಮೇಲೆ ತಿರುಗುತ್ತಾ ಓಡಾಡುತ್ತದೆ.

ಹತ್ತಿಪ್ಪತ್ತು ದಬ್ಬೆ ಆದರೆ ಕೈಗರಗಸ ಸಾಕಲ್ವಾ? ಜಾಸ್ತಿ ಇದ್ದರೆ ಸರ್ಕ್ಯುಲರ್ ಸಾ ಬಾಡಿಗೆಗೆ ತನ್ನಿ. ಅದರ ಕೆಳಗಿನ ಗಾರ್ಡ್‌ಗೆ ಸ್ಪ್ರಿಂಗ್ ಇರುತ್ತದೆ, ಮರದಿಂದ ಎತ್ತಿದ ತಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ. ಕೆಲವರು ಅದಕ್ಕೂ ಬೆಣೆ ಸಿಕ್ಕಿಸಿ ತೆರೆದಿಡುತ್ತಾರೆ, ಅಂಥವರಿಗೆ ಏನು ಹೇಳೋದು!

ಕಬ್ಬಿಣಕ್ಕೆ ಗ್ರೈಂಡರ್ ಧಾರಾಳವಾಗಿ ಬಳಸಿ. ಡಿಸ್ಕ್ ಮೇಲೆ ಅಚ್ಚಾಗಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಯಂತ್ರದ್ದಕ್ಕಿಂತ ಕಮ್ಮಿ ಇರಬಾರದು. ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಅದು ಡಿಸ್ಕಿನ ಎಕ್ಸ್‌ಪೈರಿ. ದಿನ ದಾಟಿದ್ದು, ನೆಂದಿದ್ದು, ಕೈ ಜಾರಿ ಬಿದ್ದಿದ್ದು ಎಸೆಯಿರಿ. ಡಿಸ್ಕ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಕಣ್ಣಿಗೆ ಮಾಮೂಲಿ ಚಷ್ಮಾ ಸಾಲದು, ಪಕ್ಕವೂ ಮುಚ್ಚುವ ಸೇಫ್ಟಿ ಕನ್ನಡಕ ಬೇಕು.

ಪ್ರಶ್ನೆ: ನನ್ನ ಡ್ರಿಲ್ ಮೆಷಿನ್‌ಗೆ ಎರಡೇ ಪಿನ್ ಇದೆ. ಅರ್ಥಿಂಗ್ ಇಲ್ಲದೆ ಶಾಕ್ ಹೊಡೆಯಲ್ವಾ?
(ಓದುಗರೊಬ್ಬರು, ಗದಗ)

ಉತ್ತರ: ಮೆಷಿನ್ ಮೇಲೆ ಅಂಟಿಸಿರುವ ನೇಮ್‌ಪ್ಲೇಟ್ ನೋಡಿ. ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ಇನ್ಸುಲೇಷನ್ ಇದೆ, ಅರ್ಥ್ ವೈರ್ ಬೇಕಿಲ್ಲ. ಸುಮ್ನೆ ನೀವೇ ಮೂರನೇ ವೈರ್ ಎಳೆಯಲು ಹೋಗಬೇಡಿ. ಆದರೆ ಒದ್ದೆ ನೆಲ, ಮಳೆ, ಹರಿದ ಕೇಬಲ್ ಇದ್ದಲ್ಲಿ ಈ ಪದರ ಕಾಪಾಡುವುದಿಲ್ಲ. ಮನೆಯ ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಡ್ರಿಲ್ ಮಾಡುವಾಗ ಬಟ್ಟೆಯ ಗ್ಲೌಸ್ ಮಾತ್ರ ತೊಡಬೇಡಿ, ಒಂದು ನೂಲು ಬಿಟ್‌ಗೆ ಸುತ್ತಿಕೊಂಡರೂ ಬೆರಳನ್ನೂ ಎಳೆದುಕೊಳ್ಳುತ್ತದೆ.