ಅಡ್ಮಿನ್ ಪ್ಯಾನೆಲ್‌ನಲ್ಲಿ ಮೆನು ಮರೆಮಾಡಿದರೆ ಅನುಮತಿಗಳನ್ನು ನಿಯಂತ್ರಿಸಿದಂತಾಗುತ್ತದೆಯೇ?

ಜಾಂಗೋ ಎಂಬ ಪೈಥಾನ್ ವೆಬ್ ಚೌಕಟ್ಟಿನ ಅಡ್ಮಿನ್‌ನಲ್ಲಿ, ಎಂದರೆ ಸಿಬ್ಬಂದಿ ದಾಖಲೆಗಳನ್ನು ನಿರ್ವಹಿಸುವ ಪ್ಯಾನೆಲ್‌ನಲ್ಲಿ, ಅವರವರ ಹುದ್ದೆಗೆ ತಕ್ಕಂತೆ ಮೆನು ಮತ್ತು ಬಟನ್‌ಗಳನ್ನು ಮರೆಮಾಡುವ ಸುಲಭ ವಿಧಾನ ಯಾವುದು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಅನುಮತಿ ಕೊಡಬೇಕೋ ಅಥವಾ ಗುಂಪುಗಳನ್ನು ಮಾಡಬೇಕೋ, ಇದಕ್ಕೆ ಯಾವ ಪ್ಯಾಕೇಜ್ ಒಳ್ಳೆಯದು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದೆ. ಅಂದು ನಾನು ಕಂಡುಕೊಂಡ ಉತ್ತರದಿಂದ ಹಣ ಕೊಟ್ಟಿದ್ದ ಚಂದಾದಾರರು ತಮ್ಮ ಖಾತೆಯನ್ನು ಕಳೆದುಕೊಂಡರು, ಯಾವ ತಪ್ಪನ್ನೂ ಮಾಡದ ಸಹೋದ್ಯೋಗಿಯೊಬ್ಬರು ಸಂಶಯಕ್ಕೆ ಗುರಿಯಾದರು. ಆದ್ದರಿಂದ ಆಯ್ಕೆಗಳನ್ನು ತೂಗಿ ನೋಡುವ ಮೊದಲು ನಡೆದದ್ದನ್ನು ಹೇಳುತ್ತೇನೆ.

ಚಂದಾದಾರರ ಖಾತೆಗಳನ್ನು ನಿರ್ವಹಿಸುವ ಒಂದು ವ್ಯವಸ್ಥೆಯ ಹೊಣೆ ನನ್ನದಾಗಿತ್ತು. ಅದರ ಅಡ್ಮಿನ್ ಪ್ಯಾನೆಲ್‌ಗೆ ನಾನೇ ಒಂದು ಹೊಸ ಪುಟವನ್ನು ಸೇರಿಸಿದ್ದೆ. ಅಲ್ಲಿ ಒಂದು ದಿನಾಂಕವನ್ನು ಆರಿಸಿ ಖಚಿತಪಡಿಸಿದರೆ, ಆ ದಿನಾಂಕಕ್ಕೆ ಮೊದಲು ಚಂದಾ ಮುಗಿದಿರುವ ಖಾತೆಗಳೆಲ್ಲವೂ ಒಟ್ಟಿಗೆ ನಿಷ್ಕ್ರಿಯವಾಗುತ್ತಿದ್ದವು. ಇಷ್ಟು ಪರಿಣಾಮವುಳ್ಳ ಕೆಲಸ ಎಲ್ಲರ ಕೈಗೂ ಸಿಗಬಾರದೆಂದು ಅದಕ್ಕಾಗಿಯೇ ಒಂದು ಗುಂಪನ್ನು ರಚಿಸಿ, ಲಾಗಿನ್ ಆದವರು ಆ ಗುಂಪಿನಲ್ಲಿದ್ದರೆ ಮಾತ್ರ ಬಟನ್ ಕಾಣುವಂತೆ ಪುಟದ ರೂಪವನ್ನು ನಿರ್ಧರಿಸುವ ಟೆಂಪ್ಲೇಟ್‌ನಲ್ಲಿ ಒಂದು ಷರತ್ತನ್ನು ಬರೆದೆ. ಆ ಗುಂಪಿನಲ್ಲಿದ್ದ ಸಿಬ್ಬಂದಿಯೊಬ್ಬರು ಬೇರೆ ವಿಭಾಗಕ್ಕೆ ಹೋದಾಗ ಅವರ ಹೆಸರನ್ನು ಗುಂಪಿನಿಂದ ತೆಗೆದು, ಅವರ ಜಾಗಕ್ಕೆ ಬಂದವರನ್ನು ಸೇರಿಸಿದೆವು. ಹೋದವರ ಪರದೆಯಿಂದ ಬಟನ್ ಮಾಯವಾಯಿತು, ಅನುಮತಿಯನ್ನು ಹಿಂಪಡೆಯಲಾಗಿದೆ ಎಂದು ದಾಖಲೆಯಲ್ಲೂ ಬರೆದೆವು.

ಆದರೆ ಅವರ ಬ್ರೌಸರ್‌ನಲ್ಲಿ ಆ ಪುಟದ ವಿಳಾಸ ಬುಕ್‌ಮಾರ್ಕ್ ಆಗಿ ಉಳಿದಿತ್ತು. ತಿಂಗಳ ಕೊನೆಯಲ್ಲಿ ಹಳೆಯ ಅಭ್ಯಾಸದಂತೆ, ಆ ಕೆಲಸ ಇನ್ನೂ ತಮ್ಮದೇ ಎಂದು ಪ್ರಾಮಾಣಿಕವಾಗಿ ನಂಬಿ ಅವರು ಅದನ್ನು ತೆರೆದರು. ಪುಟ ತೆರೆದುಕೊಂಡಿತು, ಅವರು ದಿನಾಂಕವನ್ನು ಆರಿಸಿ ಖಚಿತಪಡಿಸಿದರು. ಅಷ್ಟರಲ್ಲಾಗಲೇ ಚಂದಾ ಮುಗಿದವರಿಗೆ ಕೆಲವು ವಾರಗಳ ಹೆಚ್ಚುವರಿ ಗಡುವನ್ನು ಕೊಡುವ ನಿಯಮ ಬಂದಿತ್ತು. ಅದು ಅವರ ಜಾಗಕ್ಕೆ ಬಂದವರಿಗೆ ಗೊತ್ತಿತ್ತು, ಇವರಿಗೆ ಗೊತ್ತಿರಲಿಲ್ಲ. ಗಡುವಿನೊಳಗೆ ಹಣ ಕಟ್ಟಿದ್ದರೂ ದಾಖಲೆಯಲ್ಲಿ ಇನ್ನೂ ಹಳೆಯ ದಿನಾಂಕವನ್ನೇ ಹೊಂದಿದ್ದ ಖಾತೆಗಳು ಉಳಿದವುಗಳ ಜೊತೆಗೆ ಮುಚ್ಚಿಹೋದವು.

ಇಲ್ಲಿ ನಡೆದ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪಿನ ಬೀಜ ನನಗೆ ಕಾಣುತ್ತಿದೆ. ಅಡ್ಮಿನ್‌ಗೆ ನಾವೇ ಸೇರಿಸುವ ಪುಟವನ್ನು ಅಡ್ಮಿನ್ ಸೈಟ್‌ನ 'ಅಡ್ಮಿನ್ ವ್ಯೂ' ಎಂಬ ಹೊದಿಕೆಯೊಳಗೆ ಇಡಬೇಕೆಂದು ಜಾಂಗೋದ ದಾಖಲೆಗಳು ಹೇಳುತ್ತವೆ, ನಾನು ಹಾಗೆಯೇ ಇಟ್ಟಿದ್ದೆ. ಆ ಹೊದಿಕೆ ಸಾಮಾನ್ಯವಾಗಿ ಪರೀಕ್ಷಿಸುವುದು ಎರಡನ್ನು ಮಾತ್ರ: ಬಂದವರ ಖಾತೆ ಸಕ್ರಿಯವಾಗಿದೆಯೇ, ಅವರಿಗೆ ಸ್ಟಾಫ್ ಗುರುತು (ಅಡ್ಮಿನ್‌ಗೆ ಪ್ರವೇಶಿಸಲು ಬೇಕಾದ ಗುರುತು) ಇದೆಯೇ. ಅವರಿಗೆ ಯಾವ ಮಾಡೆಲ್‌ನ (ಖಾತೆ, ಪಾವತಿಯಂಥ ಒಂದು ಬಗೆಯ ದಾಖಲೆಯ) ಮೇಲೆ ಯಾವ ಅನುಮತಿಯಿದೆ, ಅವರು ಯಾವ ಗುಂಪಿನಲ್ಲಿದ್ದಾರೆ ಎಂಬುದನ್ನು ಅದು ಕೇಳುವುದೇ ಇಲ್ಲ. ಗುಂಪಿನ ಪ್ರಶ್ನೆಯನ್ನು ಕೇಳುತ್ತಿದ್ದದ್ದು ಟೆಂಪ್ಲೇಟ್ ಒಂದೇ, ಅದೂ ಬಟನ್ ಚಿತ್ರಿಸುವ ಹೊತ್ತಿನಲ್ಲಿ ಮಾತ್ರ. ಕೆಲಸ ಮಾಡುವ ಕೋಡ್, ಎಂದರೆ ಡೇಟಾಬೇಸ್‌ನ ಸಾಲುಗಳನ್ನು ತಿದ್ದುವ ಆ ವ್ಯೂ, ತನ್ನ ಬಳಿಗೆ ಬಂದವರು ಯಾರು ಎಂದು ಒಮ್ಮೆಯೂ ವಿಚಾರಿಸಲಿಲ್ಲ. ಹೀಗಾಗಿ ಆ ವಿಭಾಗದ ಒಬ್ಬರಿಗೆ ಮಾತ್ರ ಇದೆಯೆಂದು ನಾವು ನಂಬಿದ್ದ ಅಧಿಕಾರ, ವಿಳಾಸ ಗೊತ್ತಿರುವ ಸ್ಟಾಫ್ ಖಾತೆಗಳೆಲ್ಲಕ್ಕೂ ಮೊದಲ ದಿನದಿಂದಲೇ ಇತ್ತು.

ಇದು ನಮ್ಮ ಪರೀಕ್ಷೆಯಲ್ಲಿ ಏಕೆ ಸಿಕ್ಕಿಬೀಳಲಿಲ್ಲ ಎಂಬುದೂ ಮುಖ್ಯ. ಸಾಮಾನ್ಯ ಸಿಬ್ಬಂದಿಯ ಖಾತೆಯಿಂದ ಲಾಗಿನ್ ಆಗಿ ಬಟನ್ ಕಾಣುತ್ತಿಲ್ಲ ಎಂದು ನೋಡಿದೆವು, ಅದನ್ನೇ ಪರೀಕ್ಷೆ ಎಂದುಕೊಂಡೆವು. ಆ ಖಾತೆಯಿಂದ ಪುಟದ ವಿಳಾಸವನ್ನು ನೇರವಾಗಿ ಟೈಪ್ ಮಾಡಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಉಳಿದ ಸಮಯವೆಲ್ಲ ನಾವು ಸೂಪರ್‌ಯೂಸರ್ ಖಾತೆಯಲ್ಲೇ ಕೆಲಸ ಮಾಡುತ್ತಿದ್ದೆವು. ಸಕ್ರಿಯ ಸೂಪರ್‌ಯೂಸರ್ ಬಗ್ಗೆ ಯಾವ ಅನುಮತಿಯನ್ನು ಕೇಳಿದರೂ ಜಾಂಗೋ ಇದೆ ಎಂದೇ ಉತ್ತರಿಸುತ್ತದೆ, ಆದ್ದರಿಂದ ಆ ಖಾತೆಯಲ್ಲಿ ಕುಳಿತವರಿಗೆ ಅನುಮತಿ ವ್ಯವಸ್ಥೆಯ ಯಾವ ಬಿರುಕೂ ಕಾಣಲು ಸಾಧ್ಯವಿಲ್ಲ.

ನಷ್ಟ ಗೊತ್ತಾದ ಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಅಡ್ಮಿನ್ ತನ್ನ ಫಾರ್ಮ್‌ಗಳ ಮೂಲಕ ಆಗುವ ಸೇರ್ಪಡೆ, ಬದಲಾವಣೆ, ಅಳಿಸುವಿಕೆಗಳನ್ನು ತಾನಾಗಿಯೇ ದಾಖಲಿಸಿಕೊಳ್ಳುತ್ತದೆ, ನಾವು ಬರೆದ ಪುಟದಲ್ಲಿ ಆಗುವುದನ್ನು ದಾಖಲಿಸುವುದಿಲ್ಲ. ನಾನು ಬೇರೆಯಾಗಿ ಸಿಗ್ನಲ್‌ಗಳ (ದಾಖಲೆಯೊಂದನ್ನು ಉಳಿಸಿದಾಗ ಜಾಂಗೋ ಹೊರಡಿಸುವ ಸೂಚನೆಗಳ) ಆಧಾರದ ಮೇಲೆ ಬದಲಾವಣೆಗಳ ಇತಿಹಾಸವನ್ನು ಇಟ್ಟಿದ್ದೆ. ಆದರೆ ಆ ವ್ಯೂನಲ್ಲಿ ನಾನು ಬಳಸಿದ್ದ ಕ್ವೆರಿಸೆಟ್‌ನ (ಡೇಟಾಬೇಸ್‌ನಿಂದ ಆರಿಸಿದ ಸಾಲುಗಳ ಗುಚ್ಛದ) ಅಪ್‌ಡೇಟ್ ವಿಧಾನ ಒಂದೊಂದು ಸಾಲಿನ ಸೇವ್ ಅನ್ನು ಕರೆಯದೆ ನೇರವಾಗಿ ಡೇಟಾಬೇಸ್‌ಗೆ ಆಜ್ಞೆ ಕಳಿಸುವುದರಿಂದ ಸೇವ್‌ಗೆ ಸಂಬಂಧಿಸಿದ ಸಿಗ್ನಲ್‌ಗಳು ಹೊರಡಲೇ ಇಲ್ಲ. ಯಾರು ಮಾಡಿದರು ಎಂಬುದಕ್ಕೆ ನಮ್ಮ ಕೈಯಲ್ಲಿ ಉಳಿದ ಆಧಾರ ಗುಂಪಿನ ಪಟ್ಟಿಯೊಂದೇ, ಪಟ್ಟಿಯಲ್ಲಿದ್ದದ್ದು ಒಂದೇ ಹೆಸರು. ಆ ಸಹೋದ್ಯೋಗಿ ತಾನು ಆ ದಿನ ಆ ಪುಟವನ್ನು ತೆರೆದೇ ಇಲ್ಲವೆಂದು ಮತ್ತೆ ಮತ್ತೆ ಹೇಳಿದರು, ಬೇರೆ ಯಾರಿಗೂ ಅದು ಸಾಧ್ಯವೇ ಇಲ್ಲವೆಂದು ನಾವು ಅಷ್ಟೇ ದೃಢವಾಗಿ ಉತ್ತರಿಸಿದೆವು. ಬುಕ್‌ಮಾರ್ಕ್ ಬಳಸಿದವರು ವಿಷಯ ಕಿವಿಗೆ ಬಿದ್ದ ಕೂಡಲೇ ತಾವಾಗಿಯೇ ಬಂದು ಹೇಳದಿದ್ದರೆ ಆ ಸಂಶಯ ಹಾಗೆಯೇ ಉಳಿಯುತ್ತಿತ್ತು. ಖಾತೆಗಳನ್ನು ಸರಿಪಡಿಸುವುದೂ ಒಂದು ಆಜ್ಞೆಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ದುರ್ಬಳಕೆಯ ಕಾರಣಕ್ಕೆ ಅಥವಾ ಚಂದಾದಾರರದೇ ಕೋರಿಕೆಯ ಮೇಲೆ ಮೊದಲೇ ಮುಚ್ಚಿದ್ದ ಖಾತೆಗಳೂ ಅದೇ ಸ್ಥಿತಿಯಲ್ಲಿದ್ದುದರಿಂದ, ಹಿಂದಿನ ರಾತ್ರಿಯ ಬ್ಯಾಕಪ್ ಜೊತೆ ಹೋಲಿಸಿ ಬೇರ್ಪಡಿಸಬೇಕಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೆನುವನ್ನು ಹೇಗೆ ಮರೆಮಾಡಬೇಕು ಎಂಬಲ್ಲಿಂದ ಹೊರಟಿರುವುದನ್ನೇ ನಾನು ಒಪ್ಪುವುದಿಲ್ಲ. ಮರೆಮಾಡುವುದು ಬಳಕೆದಾರರ ಅನುಕೂಲಕ್ಕಾಗಿ ಮಾಡುವ ಕೆಲಸ, ಅದನ್ನು ಕೊನೆಯಲ್ಲಿ ಮಾಡಿ. ಪ್ರತಿಯೊಂದು ಪ್ರವೇಶವನ್ನೂ ಪ್ರತಿ ಸಲವೂ ಪರೀಕ್ಷಿಸಬೇಕು, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂಬ ಎರಡು ತತ್ತ್ವಗಳನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಹಾಗಿದ್ದೂ ಒವಾಸ್ಪ್ ಸಂಸ್ಥೆ ಪ್ರಕಟಿಸುವ ವೆಬ್ ಭದ್ರತಾ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ದೋಷ 2017ರಲ್ಲಿ ಐದನೆಯ ಸ್ಥಾನದಲ್ಲಿದ್ದದ್ದು 2021ರಲ್ಲಿ ಮೊದಲ ಸ್ಥಾನಕ್ಕೆ ಬಂದಿತು. ನನ್ನಂತೆ ತೋರಿಕೆಯನ್ನೇ ನಿಯಂತ್ರಣವೆಂದು ನಂಬಿದವರು ಬಹಳ ಜನರಿದ್ದಾರೆ ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಮೊದಲು ನಿಮ್ಮ ಪ್ಯಾನೆಲ್‌ನಲ್ಲಿ ಆಗಬಹುದಾದ ಕೆಲಸಗಳ ಪಟ್ಟಿಯನ್ನು ಮಾಡಿ, ಜನರ ಪಟ್ಟಿ ಆಮೇಲೆ ಇರಲಿ. ಪ್ರತಿ ಮಾಡೆಲ್‌ಗೂ ಸೇರಿಸುವ, ಬದಲಾಯಿಸುವ, ಅಳಿಸುವ, ನೋಡುವ ನಾಲ್ಕು ಅನುಮತಿಗಳನ್ನು ಜಾಂಗೋ ತಾನೇ ಸೃಷ್ಟಿಸುತ್ತದೆ, ಇವುಗಳಲ್ಲಿ ನೋಡುವ ಅನುಮತಿ 2018ರ 2.1 ಆವೃತ್ತಿಯಲ್ಲಿ ಸೇರಿದ್ದು. ಈ ನಾಲ್ಕರಲ್ಲಿ ಹಿಡಿಸದ ಕೆಲಸಗಳಿಗೆ, ಉದಾಹರಣೆಗೆ ಖಾತೆಗಳನ್ನು ಒಟ್ಟಾಗಿ ಮುಚ್ಚುವುದು, ಹಣ ಹಿಂದಿರುಗಿಸುವುದು, ಮಾಹಿತಿಯನ್ನು ಫೈಲ್ ಆಗಿ ಇಳಿಸಿಕೊಳ್ಳುವುದು ಇಂಥವಕ್ಕೆ, ಮಾಡೆಲ್‌ನ ಮೆಟಾ ಎಂಬ ಭಾಗದಲ್ಲಿ ನಿಮ್ಮದೇ ಅನುಮತಿಯನ್ನು ಹೆಸರಿಸಿ ಮೈಗ್ರೇಟ್ ಮಾಡಿ, ಎಂದರೆ ಆ ಬದಲಾವಣೆಯನ್ನು ಡೇಟಾಬೇಸ್‌ಗೆ ಅನ್ವಯಿಸಿ. ಕೆಲಸ ಮಾಡುವ ವ್ಯೂನ ಮೊದಲ ಸಾಲಿನಲ್ಲೇ ಆ ಅನುಮತಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಪ್ರವೇಶವಿಲ್ಲ ಎಂದು ಹೇಳುವ 403 ಉತ್ತರವನ್ನು ಕಳಿಸಿ. ಕೋಡ್‌ನಲ್ಲಿ ಎಲ್ಲಿಯೂ ಗುಂಪಿನ ಹೆಸರನ್ನು ಬರೆಯಬೇಡಿ. ಗುಂಪು ಎಂಬುದು ಅನುಮತಿಗಳ ಒಂದು ಕಟ್ಟು, ನಾಳೆ ಹುದ್ದೆಗಳು ಬದಲಾದಾಗ ಕೋಡ್ ಮುಟ್ಟದೆ ಆ ಕಟ್ಟನ್ನು ಬಿಚ್ಚಿ ಬೇರೆ ರೀತಿ ಕಟ್ಟುವಂತಿರಬೇಕು. ಬಟನ್ ತೋರಿಸಬೇಕೇ ಎಂದು ಟೆಂಪ್ಲೇಟ್ ಕೇಳುವುದೂ ಅದೇ ಅನುಮತಿಯನ್ನೇ ಆಗಿರಲಿ.

ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಅನುಮತಿ ಕೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಕೊಟ್ಟ ಅನುಮತಿಗಳು ಯಾವ ಕಾರಣಕ್ಕೆ ಬಂದವು ಎಂಬುದು ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ, ಕಾರಣ ಗೊತ್ತಿಲ್ಲದ ಅನುಮತಿಯನ್ನು ತೆಗೆಯಲು ಯಾರೂ ಧೈರ್ಯ ಮಾಡುವುದಿಲ್ಲ.

ಅಡ್ಮಿನ್‌ನ ಪಟ್ಟಿಯ ಮೇಲೆ ಸಿಗುವ ಆಕ್ಷನ್‌ಗಳನ್ನು, ಎಂದರೆ ಆರಿಸಿದ ಸಾಲುಗಳ ಮೇಲೆ ಒಟ್ಟಿಗೆ ನಡೆಸುವ ಕೆಲಸಗಳನ್ನು, ಈ ವಾರವೇ ಒಮ್ಮೆ ಪರಿಶೀಲಿಸಿ. ನೀವು ಬರೆದ ಆಕ್ಷನ್‌ಗೆ ಬೇಕಾದ ಅನುಮತಿಯನ್ನು ಹೆಸರಿಸದಿದ್ದರೆ, ಆ ಪಟ್ಟಿಯನ್ನು ನೋಡಲು ಮಾತ್ರ ಅನುಮತಿ ಇರುವವರಿಗೂ ಅದು ದೊರೆಯುತ್ತದೆ. ಬಳಕೆದಾರರ ಖಾತೆಗಳನ್ನು ಬದಲಾಯಿಸುವ ಅನುಮತಿಯನ್ನು ಕೊಡುವಾಗ ಇನ್ನೂ ಎಚ್ಚರ ಬೇಕು. ಜಾಂಗೋದ ಮೂಲ ಯೂಸರ್ ಫಾರ್ಮ್‌ನಲ್ಲಿ ಸೂಪರ್‌ಯೂಸರ್ ಗುರುತು, ಗುಂಪುಗಳು, ಅನುಮತಿಗಳು ಎಲ್ಲವೂ ಇರುವುದರಿಂದ, ಪಾಸ್‌ವರ್ಡ್ ಬದಲಿಸಲೆಂದು ನೀವು ಈ ಅನುಮತಿ ಕೊಟ್ಟ ವ್ಯಕ್ತಿ ತನ್ನನ್ನು ತಾನೇ ಸೂಪರ್‌ಯೂಸರ್ ಮಾಡಿಕೊಳ್ಳಬಹುದು. ಸೂಪರ್‌ಯೂಸರ್ ಅಲ್ಲದವರಿಗೆ ಆ ಕ್ಷೇತ್ರಗಳು ಓದಲು ಮಾತ್ರ ಸಿಗುವಂತೆ ಮಾಡಿದ ನಂತರವೇ ಈ ಅನುಮತಿಯನ್ನು ಕೊಡಿ. ಆಗಲೂ ಸೂಪರ್‌ಯೂಸರ್ ಖಾತೆಗಳನ್ನು ಅವರು ತೆರೆಯಲಾಗದಂತೆ ತಡೆಯಿರಿ, ಇಲ್ಲದಿದ್ದರೆ ಆ ಖಾತೆಯೊಂದರ ಪಾಸ್‌ವರ್ಡ್ ಬದಲಿಸಿ ಒಳಗೆ ಹೋಗುವ ದಾರಿ ತೆರೆದೇ ಇರುತ್ತದೆ.

ಒಬ್ಬರು ತಮ್ಮ ವಿಭಾಗದ ದಾಖಲೆಗಳನ್ನು ಮಾತ್ರ ನೋಡಬೇಕು ಎಂದಾದರೆ ಒಂದು ಮಾಡೆಲ್ ಅಡ್ಮಿನ್‌ನಲ್ಲಿ ಹೇಗೆ ಕಾಣಬೇಕೆಂದು ಹೇಳುವ ಮಾಡೆಲ್‌ಅಡ್ಮಿನ್‌ನ 'ಗೆಟ್ ಕ್ವೆರಿಸೆಟ್' ಅನ್ನು ಸೋಸಿ ಕೊಟ್ಟರೆ ಸಾಕಾಗುತ್ತದೆ. ಪಟ್ಟಿಯೂ ಬದಲಾವಣೆಯ ಪುಟವೂ ಅದರಿಂದಲೇ ದಾಖಲೆಗಳನ್ನು ಪಡೆಯುವುದರಿಂದ, ವಿಳಾಸದಲ್ಲಿ ಬೇರೆ ಸಂಖ್ಯೆಯನ್ನು ಟೈಪ್ ಮಾಡಿದರೂ ದಾಖಲೆ ಸಿಗುವುದಿಲ್ಲ. ಆದರೆ ಬೇರೊಂದು ಮಾಡೆಲ್‌ನ ಫಾರ್ಮ್‌ನಲ್ಲಿ ಅದೇ ದಾಖಲೆಗಳು ಡ್ರಾಪ್‌ಡೌನ್ ಆಗಿ ಬರುವಲ್ಲಿ ಈ ಸೋಸುವಿಕೆ ತಾನಾಗಿ ಅನ್ವಯಿಸುವುದಿಲ್ಲ, ಅಲ್ಲಿ ಪ್ರತ್ಯೇಕವಾಗಿ ಸೋಸಬೇಕು.

ನಿಮ್ಮ ಪ್ರತಿ ಗುಂಪಿಗೂ ಒಂದೊಂದು ಪರೀಕ್ಷಾ ಖಾತೆಯನ್ನು ಮಾಡಿ, ಆ ಗುಂಪಿಗೆ ಸಿಗಬಾರದ ಪ್ರತಿ ವಿಳಾಸವನ್ನೂ ನೇರವಾಗಿ ಕರೆದು 403 ಬರುತ್ತದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಬರೆಯಿರಿ. ಗುಂಪಿನಿಂದ ತೆಗೆದ ಖಾತೆಯೂ ಅವುಗಳಲ್ಲಿ ಒಂದಾಗಿರಲಿ. ಹೊಸ ಪುಟ ಸೇರಿದಾಗಲೆಲ್ಲ ಈ ಪಟ್ಟಿಗೆ ಒಂದು ಸಾಲು ಸೇರದಿದ್ದರೆ ಆ ಬದಲಾವಣೆಯನ್ನು ಒಪ್ಪಿಕೊಳ್ಳಬೇಡಿ. ಒಟ್ಟಾಗಿ ಬದಲಾಯಿಸುವ ಪ್ರತಿ ವ್ಯೂನಲ್ಲಿಯೂ ಯಾರು, ಯಾವಾಗ, ಯಾವ ಸಾಲುಗಳನ್ನು, ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ತಂದರು ಎಂಬುದನ್ನು ನೀವೇ ಬರೆದಿಡಿ. ಸಂಶಯ ಹುಟ್ಟಿದ ದಿನ ನಿಮ್ಮ ಸಿಬ್ಬಂದಿಯನ್ನು ಕಾಪಾಡುವುದು ಆ ದಾಖಲೆಯೇ, ಅದು ಅವರಿಗೆ ನೀವು ಸಲ್ಲಿಸಬೇಕಾದ ಬಾಕಿ ಎಂದೇ ನಾನು ಭಾವಿಸುತ್ತೇನೆ.

ಪ್ಯಾಕೇಜ್‌ನ ವಿಚಾರ ಚಿಕ್ಕದು. ನೀವು ವಿವರಿಸಿರುವ ಹುದ್ದೆಗಳಿಗೆ ಜಾಂಗೋದಲ್ಲೇ ಇರುವ ಅನುಮತಿಗಳು ಮತ್ತು ಗುಂಪುಗಳು ಸಾಕು. ಇದೊಂದು ದಾಖಲೆ ಈ ವ್ಯಕ್ತಿಗೆ, ಅದೊಂದು ದಾಖಲೆ ಆ ವ್ಯಕ್ತಿಗೆ ಎಂದು ಬಿಡಿಬಿಡಿಯಾಗಿ ಹಂಚುವ ಅಗತ್ಯ ನಿಜವಾಗಿ ಬಂದಾಗ ಜಾಂಗೋ ಗಾರ್ಡಿಯನ್ ಎಂಬ ಪ್ಯಾಕೇಜ್ ನೋಡಿ, ಅದಕ್ಕೆ ಮೊದಲು ಬೇಡ.