ಲಾಕಿನ ಮೇಲೆ ಇಂಗ್ಲೆಂಡಿನ ಹೆಸರಿದ್ದರೆ ನಕಲಿಯೇ?

ಮಾರುವವರು ಅಮೆರಿಕದ ಪೆನ್ಸಿಲ್ವೇನಿಯಾದ ಹಳೇ ಚಕಮಕಿ ಪಿಸ್ತೂಲು (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವಂಥದ್ದು) ಅನ್ನುತ್ತಾರೆ, ಲಾಕಿನ ಮೇಲೆ, ಅಂದರೆ ಕಿಡಿ ಹೊಡೆಸುವ ಯಂತ್ರದ ಮೇಲೆ, ನೋಡಿದರೆ ‘ಕೆಟ್‌ಲ್ಯಾಂಡ್’ ಅಂತಿದೆ, ಮೋಸವಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಮೋಸ ಅನ್ನಬೇಡಿ ಸರ್. ಆಗಿನ ಅಮೆರಿಕದ ಕೋವಿ ಕೆಲಸಗಾರರು ಮರದ ಹಿಡಿ ಕೆತ್ತಿ ಜೋಡಿಸುತ್ತಿದ್ದರು. ಲಾಕನ್ನು ಮಾತ್ರ ಎಷ್ಟೋ ಸಲ ಇಂಗ್ಲೆಂಡಿನಿಂದ ತರಿಸುತ್ತಿದ್ದರು. ಕೆಟ್‌ಲ್ಯಾಂಡ್ ಬರ್ಮಿಂಗ್‌ಹ್ಯಾಮಿನ ತಯಾರಕರು.

ನನಗೆ ಅನುಮಾನ ಬೇರೆ ಕಡೆ. ಕೇಪು, ಅಂದರೆ ಬಡಿದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿ, ಬಂದ ಮೇಲೆ (ನಮ್ಮ ಮಲೆನಾಡಿನ ಕೇಪಿನ ಕೋವಿ ನೆನಪಿದೆ ಅಲ್ವಾ?) ಸಾವಿರಾರು ಚಕಮಕಿ ಪಿಸ್ತೂಲುಗಳನ್ನು ಕೇಪಿಗೆ ಬದಲಾಯಿಸಿದರು. ಆಮೇಲೆ ಸಂಗ್ರಹಕಾರರು ಚಕಮಕಿಗೇ ಜಾಸ್ತಿ ದುಡ್ಡು ಕೊಡುತ್ತಾರೆ ಅಂತ ಗೊತ್ತಾಗಿ, ಎಷ್ಟನ್ನೋ ಮತ್ತೆ ಚಕಮಕಿ ಮಾಡಿದರು! ಹಾಗಾಗಿ ಲಾಕ್ ಬಿಚ್ಚಿಸಿ ನೋಡಿ. ಲಾಕಿನ ತಗಡಿನಲ್ಲಿ ಆಮೇಲೆ ಮುಚ್ಚಿದ ತೂತುಗಳಿವೆಯಾ? ಕಿಡಿ ಬೀಳುವ ಮದ್ದಿನ ಬಟ್ಟಲು ಮಾತ್ರ ಹೊಸದಾಗಿದೆಯಾ? ಸುಟ್ಟ ಮದ್ದು ಕಬ್ಬಿಣವನ್ನು ತಿನ್ನುತ್ತದೆ. ಚೆನ್ನಾಗಿ ಬಳಸಿದ ಪಿಸ್ತೂಲಿನಲ್ಲಿ ನಳಿಕೆಯ ಕಿಡಿ ತೂತಿನ (ಬಟ್ಟಲಿನ ಬೆಂಕಿ ಒಳಗೆ ಹೋಗುವ ತೂತು) ಸುತ್ತ ಸಣ್ಣ ಗುಳಿಗಳಿರುತ್ತವೆ. ಅಲ್ಲಿ ನುಣ್ಣಗಿದ್ದರೆ ಬೆಲೆ ಇಳಿಸಿ ಮಾತಾಡಿ.

ಅಂದಹಾಗೆ, ಅಮೆರಿಕದ ಪಿಸ್ತೂಲು ತಯಾರಕ ಸಿಮಿಯನ್ ನಾರ್ತ್ 1799ರಲ್ಲಿ ಸರ್ಕಾರದ ಗುತ್ತಿಗೆ ಹಿಡಿದು ಮಾಡಿದ ಮಾದರಿಯ ಪಿಸ್ತೂಲು ಒಟ್ಟು 2000 ಅಷ್ಟೇ. ಅದು ‘ಅಗ್ಗಕ್ಕೆ’ ಸಿಕ್ಕಿತು ಅಂದರೆ ಸುಮ್ನೆ ಬಂದುಬಿಡಿ. ಕೊಂಡ ಮೇಲೆ ದಯವಿಟ್ಟು ಪಾಲಿಶ್ ಮಾಡಿಸಬೇಡಿ.