ಸತ್ತವರ ಮನೆಯವರನ್ನೂ ಒಂದು ಮಾತು ಕೇಳಿ

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರ ಯಾವ ಧರ್ಮದವರನ್ನೂ ಕೇಳುತ್ತಾ ಕೂರಬಾರದು. ಆದೇಶ ಹೊರಡಿಸಬೇಕು, ಜನ ಪಾಲಿಸಬೇಕು. ಶಾಸ್ತ್ರಗೀಸ್ತ್ರ ಎಲ್ಲ ಆಮೇಲೆ."

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ನಿಜವಿದೆ. ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯೇ ಅದಕ್ಕೆ ಆರೋಗ್ಯದ ಗಡಿಯನ್ನೂ ಹಾಕಿದೆ. 2020ರಲ್ಲಿ ದಸರಾ ಜಂಬೂಸವಾರಿ ಅರಮನೆ ಆವರಣ ದಾಟಲಿಲ್ಲ, ಯಾರ ಭಕ್ತಿಯೂ ಕಮ್ಮಿ ಆಗಲಿಲ್ಲ. ಆದರೆ "ಕೇಳುತ್ತಾ ಕೂರಬಾರದು" ಅಂತೀರಲ್ಲ, ಅದು ಬೇಜಾರಾಯಿತು. ನೀವು ಇಂಥ ಮಾತು ಬರೆಯಬಾರದಿತ್ತು.

ಶ್ರೀಲಂಕಾ ಸರ್ಕಾರ ಯಾರನ್ನೂ ಕೇಳಲಿಲ್ಲ. ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಲೇಬೇಕು ಅಂತ 2020ರ ಏಪ್ರಿಲ್‌ನಲ್ಲಿ ಆದೇಶ ಮಾಡಿತು. ಹೂಳಿದರೆ ಅಂತರ್ಜಲ ಕೆಡುತ್ತದೆ ಅಂತ ಕಾರಣ ಕೊಟ್ಟರು. ಹೂಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ಮೊದಲೇ ಹೇಳಿತ್ತು. ಹುಟ್ಟಿ 20 ದಿನ ಆಗಿದ್ದ ಮುಸ್ಲಿಂ ಕೂಸನ್ನು ಹೆತ್ತವರು ಬೇಡ ಅಂದರೂ ಸುಟ್ಟರು. ಜನ ಕೊಲಂಬೊದ ಚಿತಾಗಾರದ ಬೇಲಿಗೆ, ಹೆಣಕ್ಕೆ ಹೊದಿಸುವ ಕಫನ್‌ನಂಥ ಬಿಳಿ ಬಟ್ಟೆ ಕಟ್ಟಿ ಹೋದರು. 2021ರ ಫೆಬ್ರವರಿಯಲ್ಲಿ ಹೂಳಲು ಬಿಟ್ಟರು, 2024ರಲ್ಲಿ ಸಚಿವ ಸಂಪುಟ ಕ್ಷಮೆ ಕೇಳಿತು. ಆ ತಾಯಿಗೆ ಹೋಗಿ ಕೂತು ಅಳಲು ಒಂದು ಗೋರಿಯಾದರೂ ಇದೆಯಾ?

ಕೇಳಿದರೆ ರೋಗ ಹರಡುತ್ತದೆ ಅಂತ ನಿಮ್ಮ ಭಯ. 2014ರಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ನೋಡಿ. ಹೆಣ ಮುಟ್ಟಿದರೆ ರೋಗ ಅಂಟುತ್ತಿತ್ತು, ಅದು ಕೋವಿಡ್‌ಗಿಂತ ಭಯಂಕರ. ಲೈಬೀರಿಯಾದ ರಾಜಧಾನಿಯಲ್ಲಿ ಸುಡುವುದನ್ನು ಕಡ್ಡಾಯ ಮಾಡಿದಾಗ ಜನ ರೋಗಿಗಳನ್ನೇ ಬಚ್ಚಿಟ್ಟರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯವರು ಮುಸ್ಲಿಂ, ಕ್ರೈಸ್ತ ಮುಖಂಡರನ್ನು ಕೂರಿಸಿಕೊಂಡು ಹೊಸ ಕ್ರಮ ಬರೆದರು. ಮನೆಯವರು ದೂರ ನಿಂತು ನೋಡಬಹುದು, ಪ್ರಾರ್ಥನೆ ಮಾಡಬಹುದು, ಕಫನ್ ಹೊದಿಸಲು ಕೇಳಬಹುದು. ಅದನ್ನು ಜನ ಒಪ್ಪಿದರು.

ನಮ್ಮಲ್ಲಿ ಏನಾಯಿತು? 2020ರಲ್ಲಿ ಬಳ್ಳಾರಿಯಲ್ಲಿ ಹೆಣಗಳನ್ನು ಗುಂಡಿಗೆ ಎಸೆದ ವಿಡಿಯೊ ನೀವೂ ನೋಡಿರುತ್ತೀರಿ. ಮರುವರ್ಷ, ಯಾರೂ ಕೇಳಿಕೊಂಡು ಬಾರದ ಐನೂರಕ್ಕೂ ಹೆಚ್ಚು ಜನರ ಬೂದಿಯನ್ನು ಮಂಡ್ಯ ಜಿಲ್ಲೆಯ ಬೆಳಕವಾಡಿಯಲ್ಲಿ ಮಂತ್ರಿಗಳೇ ಕಾವೇರಿಗೆ ಬಿಟ್ಟರು. ಆ ಕೆಲಸಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಅಷ್ಟು ಜನರ ಮನೆಯವರು ಯಾಕೆ ಬರಲಿಲ್ಲ? ಭಯ ಇತ್ತು, ಬಡತನ ಇತ್ತು, ಜೊತೆಗೆ ಎಲ್ಲಿಗೆ ಹೋಗಬೇಕು, ಏನು ಮಾಡಬಹುದು ಅಂತ ಜನಕ್ಕೆ ಅರ್ಥವಾಗುವ ಕನ್ನಡದಲ್ಲಿ ಹೇಳುವವರೇ ಎಷ್ಟೋ ಕಡೆ ಇರಲಿಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಜಮೀನು ಸ್ವಾಧೀನದವರೆಗೆ ನಮ್ಮ ಕಚೇರಿಗಳದ್ದು ಇದೇ ಚಾಳಿ. ಆದೇಶ ಗೋಡೆಗೆ ಅಂಟಿಸಿದರೆ ಕೆಲಸ ಮುಗೀತು.

ನಮ್ಮ ಸೋದರಮಾವ ಹೋಗಿದ್ದು 2021ರ ಮೇ ತಿಂಗಳಲ್ಲಿ. ಆಸ್ಪತ್ರೆಯವರು ಮುಖ ತೋರಿಸಲಿಲ್ಲ. ಚಿತಾಗಾರದಲ್ಲಿ ಪಿಪಿಇ ಕಿಟ್ ಹಾಕಿದ್ದ ಹುಡುಗನೊಬ್ಬ ನಾವು ನಿಂತಿದ್ದ ಕಡೆ ತಿರುಗಿ, "ಶಾಸ್ತ್ರ ಏನಾದ್ರೂ ಇದ್ರೆ ಹೇಳಿ ಅಮ್ಮಾ, ನಾನೇ ಮಾಡ್ತೀನಿ" ಅಂದ. ಅತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ತುಳಸಿಯನ್ನು ಬಿಚ್ಚಿ ಕಟ್ಟೆ ಮೇಲಿಟ್ಟು ಹಿಂದೆ ಸರಿದರು. ಅವನು ಅದನ್ನು ಎತ್ತಿಕೊಂಡು ಹೋಗಿ ಮಾವನ ಎದೆ ಮೇಲಿಟ್ಟ. ಎರಡು ನಿಮಿಷವೂ ಹಿಡಿಯಲಿಲ್ಲ, ಮೇಷ್ಟ್ರೇ.